ಟವೆಲಿನ ಮರೆಯಲ್ಲಿ

ತಂಗಿ ಒದ್ದೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ನಡುಮನೆಯ ಮಂಚದ ಮೇಲೆ ಮಲಗಿಸಿದ್ದ, ತೀರಿಕೊಂಡ ಅಣ್ಣನ ಉಗುರಿನ ಸಂದುಗಳನ್ನು ಒರೆಸುತ್ತಿದ್ದಳು. ಬಲಗೈ ಮುಗಿಸಿ ಎಡಗೈ ಎತ್ತಿಕೊಂಡವಳು ಅದನ್ನು ಮಗುಚಿ ನೋಡಿದಳು. ಮತ್ತೆ ಬಲಗೈಯನ್ನೂ ನೋಡಿದಳು. ವೆಲ್ಡಿಂಗ್ ಕೆಲಸದವನ ಕೈ ಅದು. ಮಣಿಕಟ್ಟಿನ ತುಂಬ ಕಿಡಿ ಹಾರಿ ಸುಟ್ಟ ಚುಕ್ಕೆಗಳಿದ್ದವು. ಅಂಗೈ ಮಾತ್ರ ನುಣ್ಣಗಿತ್ತು.

"ಅಣ್ಣನ ಕೈ ಯಾಕೆ ಹೀಗಿದೆ?" ಎಂದಳು.

ಗೋಡೆಗೆ ಒರಗಿ ನಿಂತಿದ್ದ ವರ್ಕ್‌ಶಾಪಿನ ಗೆಳೆಯ ಗಂಟಲು ಸರಿಮಾಡಿಕೊಂಡ. "ಶನಿವಾರ ಬಂತು ಅಂದ್ರೆ ಉಪ್ಪುಕಾಗದ ತಗೊಂಡು ಉಜ್ಜಿಕೊಳ್ತಾ ಕೂತ್ಕೊಳ್ಳೋನಮ್ಮಾ. ಗೇಟಿನ ತುಕ್ಕಿಗೆ ಹಾಕೋದನ್ನ ಕೈಗೆ ಹಾಕ್ಕೊಳ್ತೀಯಲ್ಲೋ, ಈ ವಯಸ್ಸಲ್ಲಿ ಇನ್ನೊಂದು ಮದುವೆನಾ ಅಂತ ರೇಗಿಸ್ತಿದ್ವಿ. ಮನೇಲಿ ಕೆಲಸ ಇದೆ ಅಂತಿದ್ದ. ಅಷ್ಟೇ, ಇನ್ನೊಂದು ಮಾತಿಲ್ಲ."

ಅರ್ಧ ಮುಚ್ಚಿದ ಬಾಗಿಲಿನ ಈಚೆ, ಕೋಣೆಯಲ್ಲಿದ್ದ ಹೆಂಡತಿಗೆ ಇದೆಲ್ಲ ಕೇಳಿಸಿತು. ಅವಳು ಮಂಚದ ಅಂಚಿನಲ್ಲಿ ಕೂತಿದ್ದಳು. ಸೆಕೆಗೆ ಹಣೆ ಬೆವರುತ್ತಿದ್ದರೂ ದಪ್ಪ ಶಾಲನ್ನು ಕತ್ತಿನವರೆಗೆ ಸುತ್ತಿಕೊಂಡು, ಅದರ ಅಂಚನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಬೆಳಗಿನಿಂದ ಹಾಗೇ ಕೂತಿದ್ದಳು. ಪಕ್ಕದ ಮನೆಯಾಕೆ ಹೊರಗೆ ಯಾರಿಗೋ ಹೇಳುತ್ತಿದ್ದಳು, ಇಷ್ಟು ವರ್ಷ ಒಟ್ಟಿಗೆ ಬಾಳಿದವಳು ಒಂದು ಸಲ ಬಂದು ಮುಖ ನೋಡಬಾರದೇ, ಕಲ್ಲು ಮನಸ್ಸಪ್ಪಾ ಎಂದು.

*

ಅವಳಿಗೆ ಆಪರೇಷನ್ ಆದಾಗ ಹೊಟ್ಟೆಯಲ್ಲಿ ಗೆಡ್ಡೆ ಎಂದೇ ಅವನು ಎಲ್ಲರಿಗೂ ಹೇಳಿದ್ದ. ಹಾಗೆ ಹೇಳಿಸಿದವಳು ಅವಳೇ. ತೆಗೆದದ್ದು ಎಡಗಡೆಯ ಮೊಲೆಯನ್ನು. ಆಮೇಲೆ ಆ ಕಡೆಯ ಕೈ ಮೇಲೆ ಏಳಲಿಲ್ಲ, ಬೆರಳಿಗೆ ಹಿಡಿತವೂ ಬರಲಿಲ್ಲ. ಗಾಯ ಮಾಗಿದ ಚರ್ಮ ಎಷ್ಟು ಎಳೆಯದೆಂದರೆ ಹತ್ತಿ ಬಟ್ಟೆಯ ಹೊಲಿಗೆ ತಾಗಿದರೂ ಉರಿಯುತ್ತಿತ್ತು. ಅದಕ್ಕೇ ಆಸ್ಪತ್ರೆಯ ನರ್ಸ್ ಹೇಳಿದ ಅಂಗಡಿಗೆ ಹೋಗಿ ನುಣುಪು ರೇಷ್ಮೆಯ ಎರಡು ಬ್ರಾ ತಂದರು. ಎಡಗಡೆ ಒಳಗೊಂದು ಜೇಬು, ಅದರಲ್ಲಿ ಮೆತ್ತೆ, ಅಂಚಿಗೆ ಜೇಡರ ಬಲೆಯಂಥ ಲೇಸು.

ಮೊದಲ ಸಲ ಒಗೆದಾಗ ಅವನು ಅದನ್ನು ವರ್ಕ್‌ಶಾಪಿನ ಚಿಂದಿಯ ಹಾಗೆ ಹಿಂಡಿದ. ಅಂಗೈಯ ಗಡಸಿಗೆ ಲೇಸು ಸಿಕ್ಕಿಕೊಂಡು ಒಂದು ಎಳೆ ಈಚೆ ಬಂತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, ಹಾಲು ಉಕ್ಕಿಸಿದವನ ಹಾಗೆ ಬಾಗಿಲಲ್ಲಿ ನಿಂತ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅವತ್ತೇ ಮೊದಲು.

"ಹಿಂಡಬೇಡಿ ರೀ. ನೀರಲ್ಲಿ ಸುಮ್ಮನೆ ಆಡಿಸಿ. ಆಮೇಲೆ ಟವೆಲಲ್ಲಿ ಇಟ್ಟು ಒತ್ತಿ, ಸಾಕು."

"ಆಯ್ತು. ಆದ್ರೆ ಈ ಕೈಗೇನು ಮಾಡ್ಲಿ?" ಎಂದಿದ್ದ ಅವನು.

ಆ ಶನಿವಾರ ಅಂಗೈ ಕೆಂಪಗೆ ಮಾಡಿಕೊಂಡು ಮನೆಗೆ ಬಂದ.

ಆಮೇಲೆ ಅದು ಅವನ ಕೆಲಸವೇ ಆಯಿತು. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಶಾಂಪೂ. ಬಿಸಿಲು ಬೀಳಬಾರದು, ಜನ ನೋಡಬಾರದು ಎಂದು ಹಿತ್ತಲಿನ ತಂತಿಯಲ್ಲಿ ಟವೆಲಿನ ಮರೆಗೆ ಹಾಕುತ್ತಿದ್ದ. ಬೇಗ ಒಣಗಲಿ ಎಂದು ತಂತಿಯನ್ನು ತನ್ನ ಎತ್ತರಕ್ಕೆ ಕಟ್ಟಿದ್ದ, ಅವಳಿಗೆ ಅದು ಎಟುಕುತ್ತಿರಲಿಲ್ಲ. ಒಣಗಿದ್ದನ್ನು ಮಡಿಚುತ್ತಿರಲಿಲ್ಲ, ಆಕಾರ ಕೆಡಬಾರದೆಂದು ಜೇಬಿನೊಳಗೆ ತನ್ನ ಕರವಸ್ತ್ರ ತುಂಬಿ, ಬಿಸ್ಕೆಟ್ ಡಬ್ಬಿಯಲ್ಲಿ ಮಲಗಿಸಿ, ತನ್ನ ಅಂಗಿಗಳ ಹಿಂದೆ ಇಡುತ್ತಿದ್ದ. ಗಂಡಸಿನ ಬೀರು ಯಾರು ತೆಗೆದು ನೋಡ್ತಾರೆ ಎನ್ನುತ್ತಿದ್ದ. ಬೆಳಿಗ್ಗೆ ಅವಳ ಸ್ನಾನವಾದ ಮೇಲೆ ಕೋಣೆಯ ಬಾಗಿಲು ಗೇಣಗಲ ತೆರೆದುಕೊಳ್ಳುತ್ತಿತ್ತು. ಅವನ ಕೈ ಮಾತ್ರ ಒಳಗೆ ಬರುತ್ತಿತ್ತು. "ತಗೋ" ಎನ್ನುತ್ತಿತ್ತು ದನಿ. ಅವನು ಒಂದು ದಿನವೂ ಇಣುಕಿದವನಲ್ಲ.

ಇವತ್ತೂ ಅವಳು ಬಾಗಿಲ ಸಂದಿಯಿಂದ ಕೈ ಚಾಚಿದ್ದಳು.

"ರೀ, ಅದನ್ನ ಕೊಡ್ತೀರಾ?"

ಕೈ ಚಾಚಿದಲ್ಲೇ ಇತ್ತು. ಇನ್ನೊಮ್ಮೆ ಕರೆದಳು. ಆಮೇಲೆ ಶಾಲು ಸುತ್ತಿಕೊಂಡು ಹೋಗಿ ನೋಡಿದರೆ, ಬಚ್ಚಲ ಹೊಸ್ತಿಲಲ್ಲಿ ಅವನು ಬಿದ್ದಿದ್ದ. ಪಕ್ಕದ ಟಬ್ಬಿನಲ್ಲಿ ಎರಡರಲ್ಲಿ ಒಂದು ನೆನೆಯುತ್ತಿತ್ತು. ನಿನ್ನೆ ಒಗೆದದ್ದು ತಂತಿಯ ಮೇಲೇ ಇತ್ತು.

*

"ಅತ್ತಿಗೆ, ವ್ಯಾನು ಬಂತು. ಏಳಿ."

ನಾದಿನಿ ಬಂದು ಪಕ್ಕದಲ್ಲಿ ಕೂತಳು. ಅತ್ತು ಅವಳ ಕಣ್ಣು ಊದಿಕೊಂಡಿತ್ತು. ಇವಳಿಗೆ ಹೇಳಬಹುದು ಅನ್ನಿಸಿತು. "ಹಿತ್ತಲಲ್ಲಿ..." ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದ ಮನೆಯಾಕೆ ನೀರಿನ ಲೋಟ ಹಿಡಿದು ಒಳಗೆ ಬಂದಳು.

"ಹಿತ್ತಲಲ್ಲಿ ಏನು ಅತ್ತಿಗೆ?"

"ಏನಿಲ್ಲ. ನಡಿ, ಬರ್ತೀನಿ."

"ಈ ಸೆಕೇಲಿ ಇದನ್ಯಾಕೆ ಸುತ್ಕೊಂಡಿದೀರಿ? ಕೊಡಿ ಇಲ್ಲಿ." ನಾದಿನಿ ಶಾಲಿಗೆ ಕೈ ಹಾಕಿದಳು. ಅವಳು ಅದನ್ನು ಕಿತ್ತುಕೊಂಡು ಹಿಂದಕ್ಕೆ ಸರಿದ ರಭಸಕ್ಕೆ ಲೋಟದ ನೀರು ಚೆಲ್ಲಿತು. ನಾದಿನಿ ಸೀರೆಗೆ ಬಿದ್ದ ನೀರು ಕೊಡವಿದಳು.

"ನಿಮ್ಮಿಷ್ಟ" ಎಂದು ಎದ್ದು ಹೋದಳು. ಪಕ್ಕದ ಮನೆಯಾಕೆಯೂ ಹೋದಳು.

ಹೋಗಬಾರದೆಂದು ಅವಳಿಗೇನೂ ಇರಲಿಲ್ಲ. ಆ ಕೈಯನ್ನು ಒಂದು ಸಲ ಹಿಡಿದುಕೊಳ್ಳಬೇಕಿತ್ತು. ಆದರೆ ಅವಳಿಗಿದ್ದದ್ದು ಒಂದೇ ಕೈ. ಅದು ಶಾಲು ಬಿಟ್ಟರೆ ಎಲ್ಲರ ಕಣ್ಣೂ ಎದೆಯ ಮೇಲೆ, ಬಿಡದಿದ್ದರೆ ಅವನನ್ನು ಮುಟ್ಟುವುದು ಯಾವುದರಿಂದ?

ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ಗಾಳಿಗೆ ಟವೆಲು ಎದ್ದಾಗಲೆಲ್ಲ ಕೆಳಗಿನ ಪಟ್ಟಿಯ ತುದಿ ಕಂಡು ಮರೆಯಾಗುತ್ತಿತ್ತು. ಅದು ಒಣಗಿ ಎಷ್ಟೋ ಹೊತ್ತಾಗಿತ್ತು.

ಹೊರಗೆ ಭಾವನ ದನಿ, ಎತ್ರಪ್ಪಾ, ಹೊತ್ತಾಯ್ತು ಎಂದಿತು. ಅವಳು ಬರಲ್ವಂತೆ, ಬಿಡಿ ಎಂದಳು ಯಾರೋ ಹೆಂಗಸು. ಭಾರ ಹೊತ್ತ ಹೆಜ್ಜೆಗಳು ನಡುಮನೆ ದಾಟಿದವು, ಅವುಗಳ ಹಿಂದೆ ಉಳಿದವರ ಚಪ್ಪಲಿ ಹುಡುಕುವ ಸದ್ದು. ಆಮೇಲೆ ಅದೂ ನಿಂತಿತು.

ಅವಳು ಎದ್ದು ಬಾಗಿಲನ್ನು ಗೇಣಗಲ ತೆರೆದಳು. ನಡುಮನೆಯ ಖಾಲಿ ಮಂಚದ ಮೇಲೆ ನಾದಿನಿ ಬಿಟ್ಟುಹೋದ ಒದ್ದೆ ಬಟ್ಟೆಯೊಂದೇ ಇತ್ತು. ಶಾಲು ಬಿಟ್ಟು ಸಂದಿಯಿಂದ ಕೈ ಚಾಚಿದಳು.

"ಹಿತ್ತಲ ತಂತಿ ಮೇಲೆ, ಟವೆಲ್ ಕೆಳಗೆ ಒಂದು ಬಟ್ಟೆ ಇದೆ. ಯಾರಾದ್ರೂ ತಂದುಕೊಡ್ತೀರಾ?"