ಕೊನೆಯ ಹಾಡಿನ ಎರಡು ಸಾಲು

"ಟ್ರ್ಯಾಕ್ ಹಾಡೋರ ಹೆಸರನ್ನೆಲ್ಲ ಪರದೆ ಮೇಲೆ ಹಾಕ್ತಾ ಕೂತ್ರೆ, ನಾಳೆ ಮೈಕ್ ಒರೆಸೋರೂ ಬಂದು ನಿಲ್ತಾರೆ."

ಗಾಯಕಿ ಇದನ್ನು ಹೇಳಿದ್ದು ನನ್ನ ಅಕ್ಕನ ಮುಖಕ್ಕೇ. ಅಕ್ಕ ನೀರಿನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು. ನಾನು ಸುಮ್ಮನಿರುವ ಆಸಾಮಿಯಲ್ಲ. ಎಂಟು ತಿಂಗಳು ಹಲ್ಲು ಕಚ್ಚಿ ಕಾದೆ, ಅಷ್ಟೇ.

ಅಕ್ಕನದು ಟ್ರ್ಯಾಕ್ ಹಾಡುವ ಕೆಲಸ. ಹೆಸರಾಂತ ಗಾಯಕಿಯರು ಬರುವ ಮೊದಲೇ ಇಡೀ ಹಾಡನ್ನು ಹಾಡಿಟ್ಟು ಬರುತ್ತಾಳೆ. ಅವರು ಅದನ್ನು ಕಿವಿಯಲ್ಲಿ ಕೇಳುತ್ತಾ ಹಾಡುತ್ತಾರೆ, ಆಮೇಲೆ ಅಕ್ಕನದನ್ನು ಅಳಿಸುತ್ತಾರೆ. ಈ ಸಿನಿಮಾದಲ್ಲಿ ಮಾತ್ರ ಅಳಿಸಲಾಗಲಿಲ್ಲ. ಈ ಜನಪ್ರಿಯ ಗಾಯಕಿಯೇ ನಾಯಕಿಯಾಗಿದ್ದ ನಗೆಚಿತ್ರ ಅದು. ಹಾಡು ಏಳು, ಬಂಡವಾಳ ಅಷ್ಟಕ್ಕಷ್ಟೇ. ಒಂದೇ ಸೋಫಾ ಹೊದಿಕೆ ಬದಲಿಸಿಕೊಂಡು ಮೂರು ಮನೆಗಳಲ್ಲಿ ನಟಿಸಿತ್ತು. ಕೊನೆಯ ಹಾಡಿನ ಎರಡು ಸಾಲು ತಾರಸ್ಥಾಯಿಗೆ ಏರುತ್ತವೆ. ಅಲ್ಲಿಗೆ ಬಂದರೆ ಗಾಯಕಿಯ ಗಂಟಲು ಕೈಕೊಡುತ್ತಿತ್ತು. ಸಂಗೀತ ನಿರ್ದೇಶಕರು ಆ ಎರಡು ಸಾಲಿಗೆ ಅಕ್ಕನ ಧ್ವನಿಯನ್ನೇ ಉಳಿಸಿಕೊಂಡರು. ಅದಕ್ಕೇ ಅಕ್ಕ ಹೆಸರು ಹಾಕಿ ಎಂದದ್ದು. ಹನ್ನೊಂದು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಲ.

ಚಿತ್ರದ ಧ್ವನಿ ಜೋಡಿಸುವವನು ನಾನು. ಗಾಯಕಿ ಒದ್ದಾಡಿ ಹಾಡಿದ್ದ ಆ ಎರಡು ಸಾಲು ನನ್ನ ಕಂಪ್ಯೂಟರಿನಲ್ಲಿ ಭದ್ರವಾಗಿದ್ದವು. ಪತ್ರಕರ್ತರಿಗೂ ಚಿತ್ರತಂಡದ ಮನೆಯವರಿಗೂ ಮೊದಲ ಪ್ರದರ್ಶನ ಇಟ್ಟಿದ್ದರು. ಹಿಂದಿನ ದಿನ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅಕ್ಕನದನ್ನು ತೆಗೆದೆ, ಗಾಯಕಿಯದನ್ನು ಕೂರಿಸಿದೆ. ಉಪ್ಪು ತಿಂದವಳು ನೀರು ಕುಡಿಯಲಿ. ಕೆಲಸ ಹೋದರೆ ಹೋಗಲಿ ಎಂದುಕೊಂಡೆ. ಶಿಳ್ಳೆ ಹಾಕುತ್ತಲೇ ಮಾಡಿದೆ.

ಗಾಯಕಿ ಮೊದಲ ಸಾಲಿನಲ್ಲಿ ಕೂತಿದ್ದಳು. ನಾನು ಪರದೆ ನೋಡಲಿಲ್ಲ, ಅವಳ ಕುತ್ತಿಗೆಯನ್ನೇ ನೋಡುತ್ತಿದ್ದೆ. ಹಾಡು ಮೇಲೇರಿತು, ಧ್ವನಿ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟಿತು. ಅವಳ ಬೆನ್ನು ಸೆಟೆದುಕೊಂಡಿತು. ನನ್ನ ಹೊಟ್ಟೆ ತಣ್ಣಗಾಯಿತು.

ಅಷ್ಟರಲ್ಲಿ ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಪರದೆಯ ಮೇಲೆ ಅವಳು ಅದೇ ಸೋಫಾ ಹತ್ತಿ, ಕೈ ಎತ್ತಿ ನಿಂತಿದ್ದಳು. ಬೇಕೆಂದೇ ಮಾಡಿದ ತಮಾಷೆ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

"ಇಷ್ಟು ದೊಡ್ಡ ಗಾಯಕಿ ತನ್ನನ್ನೇ ಗೇಲಿ ಮಾಡ್ಕೊಳ್ಳೋದು ಅಂದ್ರೆ ಸುಮ್ನೆ ಅಲ್ಲ" ಎಂದರು ಪಕ್ಕದ ಪತ್ರಕರ್ತರು. ಗಾಯಕಿ ಒಂದು ಗಳಿಗೆ ಕೂತಿದ್ದು, ಎದ್ದು ತಿರುಗಿ ಎಲ್ಲರಿಗೂ ಕೈಮುಗಿದಳು. ನಿರ್ಮಾಪಕರು ಬಂದು ನನ್ನ ಭುಜ ಹಿಡಿದರು.

"ಹೇಗಾಯ್ತು ಅಂತ ಕೇಳಲ್ಲ. ಇದೇ ಇರ್ಲಿ. ಇನ್ನು ಏನೂ ಮುಟ್ಟಬೇಡ."

ಮೈಯೆಲ್ಲ ಉರಿದುಹೋಯಿತು. ಹೊರಗೆ ಹೋಗೋಣವೆಂದು ತಿರುಗಿದರೆ, ಕೊನೆಯ ಸಾಲಿನಲ್ಲಿ ಅಕ್ಕ. ಬರುತ್ತೇನೆಂದು ನನಗೆ ಹೇಳಿರಲಿಲ್ಲ. ಪಕ್ಕದಲ್ಲಿ ಅವಳ ಅತ್ತೆ. ದಿನಾ ಅಲ್ಲಿ ಹೋಗಿ ಏನು ಕಡಿದು ಕಟ್ಟೆ ಹಾಕ್ತೀಯ ಎಂದು ಹನ್ನೊಂದು ವರ್ಷ ಅಕ್ಕನನ್ನು ಕುಟುಕಿದವರು. ಅವರಿಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದಿತ್ತು.

"ನಾನು ಹಾಡಿದೀನಿ, ಬಂದು ಕೇಳಿ ಅಂತ ಕರ್ಕೊಂಡು ಬಂದಿದ್ದು ಇದಕ್ಕೇನಾ?" ಎಂದು ಸೊಸೆಯನ್ನು ಕೇಳುತ್ತಿದ್ದರು.

ಅಕ್ಕ ನನ್ನನ್ನು ನೋಡಿದಳು. ಆ ಎರಡು ಸಾಲನ್ನು ಮುಟ್ಟಬಲ್ಲ ಕೈ ಯಾವುದೆಂದು ಅವಳಿಗೆ ಗೊತ್ತಿತ್ತು.

"ಅವಳು ನನ್ನ ಹೆಸರು ಮಾತ್ರ ತೆಗೆಸಿದ್ಲು ಕಣೋ" ಎಂದಳು.