ಮೊದಲ ಚಾಪೆ

ನಮ್ಮೂರಿನ ಅತಿ ಗಂಭೀರ ಪ್ರಶ್ನೆ, ಚಹಾಕೂಟದಲ್ಲಿ ಮೊದಲ ಚಾಪೆಯ ಮೇಲೆ ಯಾರು ಕೂರಬೇಕು ಎಂಬುದು. ಇದರ ಮುಂದೆ ಭೂಕಂಪ, ಚುನಾವಣೆಗಳೆಲ್ಲ ಚಿಲ್ಲರೆ ವಿಷಯ.

ನೂಲಿನ ಗಿರಣಿಯ ಧಣಿ ಕುಸಾಕಬೆಯವರು ಗಳಿಸಿದ್ದನ್ನೆಲ್ಲ ಚಿತ್ರಗಳಿಗೂ ಮಣ್ಣಿನ ಬಟ್ಟಲುಗಳಿಗೂ ಸುರಿದು, ಊರಿಗೊಂದು ಮ್ಯೂಸಿಯಂ ಕಟ್ಟಿಸಿ ತೀರಿಕೊಂಡರು. ಗಿರಣಿ ಮುಚ್ಚಿತು. ಮ್ಯೂಸಿಯಂ ಉಳಿಯಿತು, ಅದನ್ನು ನೋಡಿಕೊಳ್ಳುವ ತಲೆನೋವು ಹೊತ್ತು ನಾನೂ ಉಳಿದೆ. ಅವರ ಉಯಿಲಿನ ಷರತ್ತು ಊರಿಗೆಲ್ಲ ಗೊತ್ತು: ಪ್ರತಿ ಪುಣ್ಯತಿಥಿಯಂದು ಸೂರ್ಯ ಮುಳುಗುವ ಮುಂಚೆ ಅತಿಥಿಯೊಬ್ಬರು ಅವರ ಕಪ್ಪು ಬಟ್ಟಲಲ್ಲಿ ಚಹಾ ಕುಡಿಯಬೇಕು. ತಪ್ಪಿದರೆ ಆ ಬಟ್ಟಲು ಕೋಬೆ ನಗರದಲ್ಲಿರುವ ಅಳಿಯನ ಪಾಲು. ಜನ ನಮ್ಮಲ್ಲಿಗೆ ಬರುವುದೇ ಆ ಬಟ್ಟಲನ್ನು ನೋಡಲು.

ಮೊದಲ ಚಾಪೆಯವರೇ ಮೊದಲು ಕುಡಿಯಬೇಕು, ಎಲ್ಲರ ಪರವಾಗಿ ಬಟ್ಟಲನ್ನು ಹೊಗಳಬೇಕು. ಅದು ಎಲ್ಲಕ್ಕಿಂತ ದೊಡ್ಡ ಗೌರವ, ಆದ್ದರಿಂದ ಮರ್ಯಾದಸ್ಥರು ಆ ಜಾಗವನ್ನು ಒಲ್ಲೆ ಎನ್ನುತ್ತಾರೆ. ಎರಡು ಸಲ ಒಲ್ಲೆ ಎಂದರೆ ವಿನಯ, ಮೂರನೆಯದು ಸೊಕ್ಕು. ಗಿರಣಿಯ ಹಳೆಯ ಮೇಸ್ತ್ರಿಯೊಬ್ಬ ಯಾವ ನಖರೆಯೂ ಇಲ್ಲದೆ ಹೋಗಿ ಕೂರುತ್ತಿದ್ದ. ಈ ವಸಂತದಲ್ಲಿ ಅವನೂ ಸತ್ತ.

ಈ ಸಲ ಎಲ್ಲರೂ ಬಾಗಿಲ ಮೂಲೆಯಲ್ಲೇ ಮಂಡಿಯೂರಿ ಒತ್ತಿಕೊಂಡಿದ್ದರು. ಅವರ ನಡುವೆ ಅಳಿಯ ಅವಾಜು, ತೊಡೆಯ ಮೇಲೆ ಬಟ್ಟಲು ಒಯ್ಯಲು ಹತ್ತಿ ಹಾಸಿ ತಂದ ಖಾಲಿ ಪೆಟ್ಟಿಗೆ.

"ಸ್ವಾಮಿಗಳೇ, ನೀವು ಮುಂದೆ ಬನ್ನಿ," ಎಂದರು ದಂತವೈದ್ಯರು.

"ಅಯ್ಯೋ, ಡಾಕ್ಟ್ರಿರುವಾಗ ನಾನೇ?" ಎಂದರು ಮಠದ ಗುರುಗಳು.

"ನಂಗೆ ಹಲ್ಲು ಬಿಟ್ರೆ ಬೇರೇನೂ ಗೊತ್ತಿಲ್ಲ."

"ನಂಗೆ ಹೆಣದ ಮುಂದೆ ಮಂತ್ರ ಹೇಳೋದು ಬಿಟ್ರೆ."

ಒಲೆಯ ಮೇಲಿನ ನೀರು ಕುದಿದೂ ಕುದಿದೂ ಬತ್ತುತ್ತಿತ್ತು. ಕಿಟಕಿಯ ಕಾಗದದ ಮೇಲೆ ಬಿಸಿಲು ಕೆಂಪಾಯಿತು.

"ಯಾರಾದ್ರೂ ಕೂತ್ಕೊಳ್ರೀ! ಧಣಿಗಳು ಮೇಲಿಂದ ನೋಡಿ ಹಣೆ ಚಚ್ಕೊಳ್ತಿರ್ತಾರೆ," ಎಂದು ನಾನು ಕಿರುಚಿದೆ.

"ಕೋಪ ಮಾಡ್ಕೋಬೇಡಿ, ಒಗಿನೊ ಅವ್ರೇ," ಎಂದು ಗುರುಗಳು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದರು. "ಅಳಿಯಂದ್ರೇ, ದೂರದಿಂದ ಬಂದಿದೀರಿ. ನೀವೇ ಬನ್ನಿ."

"ಛೆ ಛೆ, ನನಗೆಲ್ಲಿ ಆ ಯೋಗ್ಯತೆ!" ಎಂದರು ಅವಾಜು, ಅಷ್ಟೇ ಅಭ್ಯಾಸಬಲದಿಂದ.

"ಮನೆಯವ್ರು ನೀವು, ದಯವಿಟ್ಟು," ಎಂದರು ವೈದ್ಯರು.

"ಇಲ್ಲ ಇಲ್ಲ, ಖಂಡಿತ ಬೇಡ."

ನಾನು ನೆಲಕ್ಕೆ ಹಣೆ ಮುಟ್ಟಿಸಿ ಹೇಳಿದೆ: "ಅವಾಜು ಅವ್ರೇ, ಊರಿನ ಪರವಾಗಿ ಕೇಳ್ಕೊಳ್ತಿದೀನಿ."

ಮೂರನೆಯ ಸಲ. ಅವಾಜು ಪೆಟ್ಟಿಗೆಯನ್ನು ನೋಡಿದರು, ಬಟ್ಟಲನ್ನು ನೋಡಿದರು, ಬಾಯಿಗೆ ಬಂದ ಮೂರನೆಯ ಒಲ್ಲೆಯನ್ನು ನುಂಗಿಕೊಂಡರು.

"ಹಾಗಿದ್ರೆ... ಕ್ಷಮಿಸಿ, ಮುಂದೆ ಕೂರ್ತೀನಿ."

ಕುಡಿದರು. ಬಟ್ಟಲನ್ನು ನಿಯಮದಂತೆ ಹೊಗಳಿದರು, ಸ್ವಲ್ಪ ಅಳುತ್ತಲೇ.

ಸೂರ್ಯ ಮುಳುಗಿದ. ಬಟ್ಟಲು ಊರಲ್ಲೇ ಉಳಿಯಿತು.