ಶಿವುವಿನ ಕೋಣೆಯ ತೇವ

ನನ್ನ ಮಗಳು ಕೃತಿಕಾಳಿಗೆ ಬೆವರು ಬರುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಬಿಸಿಲೇರಿದರೆ ಮೈ ಕಾದ ಹೆಂಚಾಗುತ್ತದೆ. ಒದ್ದೆ ಅಂಗಿ ತೊಡಿಸಿ ಫ್ಯಾನಿನ ಕೆಳಗೆ ಮಲಗಿಸಬೇಕು. ಅಂಗಿ ಆರುತ್ತ ಆರುತ್ತ ಮೈಯೂ ತಣ್ಣಗಾಗುತ್ತದೆ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಅಂಗಿ ಆರುವುದಿಲ್ಲ, ಕಾವೂ ಇಳಿಯುವುದಿಲ್ಲ.

ಅವಳ ಅಣ್ಣ ಶಿವಪ್ರಸಾದನಿಗೂ ಇದೇ ಇತ್ತು. ಎರಡು ಬೇಸಿಗೆಯ ಹಿಂದೆ, ಪಂಚನಹಳ್ಳಿಯ ಈ ಮನೆಯ ಹಿಂದಿನ ಕೋಣೆಯಲ್ಲಿ, ಒದ್ದೆ ಟವೆಲ್ ಹೊದ್ದುಕೊಂಡೇ ಅವನು ಹೋದ. ಕಡೂರಿನ ಆಸ್ಪತ್ರೆಗೆ ಕರೆದೊಯ್ಯಲು ಕಾರು ಬಂದು ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಕೋಣೆಗೆ ದಪ್ಪನೆಯ ಮಣ್ಣಿನ ಗೋಡೆ. ಇಡೀ ಮನೆಯಲ್ಲಿ ಅಷ್ಟು ತಂಪಾದ ಜಾಗ ಬೇರೆ ಇಲ್ಲ. ಈ ಏಪ್ರಿಲ್‌ನಲ್ಲಿ ನಡುಮನೆಯ ಶೀಟಿನ ಮಾಡು ಕೆಂಡವಾದಾಗ ನನ್ನ ಗಂಡ ಬಸವೇಶ್, "ಕೃತೀನ ಅಲ್ಲೇ ಮಲಗ್ಸು ಕಣೇ. ಎಷ್ಟ್ ದಿನ ಅಂತ ಆ ಬಾಗ್ಲು ಹಾಕಿಡ್ತೀಯ?" ಅಂದರು. ನಾನು ಒಪ್ಪಲಿಲ್ಲ. ಆ ಕೋಣೆಯ ಗಾಳಿಯೇ ಅವನನ್ನು ನುಂಗಿತೇನೋ ಎಂಬ ಭಯ ನನಗೆ.

ಅದಕ್ಕೇ ಅವರು ಹವಾಮಾನ ಅಳೆಯುವ ಯಂತ್ರ ತರಿಸಿದರು. ಒಂದು ಸೆನ್ಸರ್ ಅಂಗಳದ ನೆರಳಿಗೆ, ಇನ್ನೊಂದು ಆ ಕೋಣೆಯ ಕಿಟಕಿಯ ಸರಳಿಗೆ. ಬಿಸಿಲು ತಾಗಬಾರದು, ಗೋಡೆಗೆ ಅಂಟಿರಬಾರದು, ಗಾಳಿ ಆಡುತ್ತಿರಬೇಕು ಎಂದು ನೋಡಿಯೇ ಕಟ್ಟಿದರು. ಅಂಕಿ ತೋರಿಸುವ ಪರದೆ ಅಡುಗೆಮನೆಯಲ್ಲಿ, ಸಾಸಿವೆ ಡಬ್ಬಿಯ ಪಕ್ಕ.

ಬೆಳಿಗ್ಗೆ ಎರಡೂ ಕಡೆ ತೇವಾಂಶ ಒಂದೇ ಸಮ. ಮಧ್ಯಾಹ್ನ ಊಟವಾಗಿ ಮನೆ ಮೌನವಾದ ಮೇಲೆ ಅಂಗಳದ್ದು ಶೇಕಡಾ ಇಪ್ಪತ್ತೈದಕ್ಕೆ ಇಳಿಯುತ್ತಿತ್ತು. ಕೋಣೆಯದು ಮಾತ್ರ ಏರುತ್ತಿತ್ತು. ಐವತ್ತು, ಅರವತ್ತು, ಎಪ್ಪತ್ತು. ಮುಚ್ಚಿದ ಬಾಗಿಲ ಹಿಂದೆ ಯಾರೋ ಮಲಗಿ ಉಸಿರಾಡುತ್ತಿರುವ ಹಾಗೆ. ಸಂಜೆ ತಾನಾಗಿಯೇ ಇಳಿಯುತ್ತಿತ್ತು. ಶಿವು ನರಳಿದ್ದೂ ಅದೇ ಹೊತ್ತಿನಲ್ಲಿ. ಒಮ್ಮೆ ಧೈರ್ಯ ಮಾಡಿ ಬಾಗಿಲು ತೆರೆದೆ. ಸುತ್ತಿಟ್ಟ ಹಾಸಿಗೆ, ಒಣ ನೆಲ, ಅರ್ಧ ಮುಚ್ಚಿದ ಕಿಟಕಿಯ ಕತ್ತಲು. ಒಳಗೆ ಕಾಲಿಡಲಾಗದೆ ಬಾಗಿಲು ಎಳೆದುಕೊಂಡೆ.

"ಸೆನ್ಸರ್ ಕೆಟ್ಟಿರ್ಬೇಕು, ನೋಡೇ ಬಿಡಣ" ಎಂದು ಬಸವೇಶ್ ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು, ಸೆನ್ಸರ್ ಜೊತೆ ಬಿಗಿಯಾದ ಡಬ್ಬಿಯಲ್ಲಿಟ್ಟರು. ಮರುದಿನ ಎಪ್ಪತ್ತೈದು ತೋರಿಸಿದರೆ ಅದು ಸರಿಯಿದೆ ಎಂದರ್ಥವಂತೆ.

ನಮ್ಮತ್ತೆ ತೀರ್ಥಮ್ಮ ಡಬ್ಬಿ ನೋಡಿ, "ಏನ್ಲಾ, ಮೀಟ್ರಿಗೂ ಉಪ್ಪಿನಕಾಯಿ ಹಾಕ್ತಿದೀಯಾ?" ಅಂದರು.

"ಮೆಣಸಿನಪುಡಿ ಮರೆತ್ರಿ ಅಪ್ಪಾ!" ಕೃತಿ ನಕ್ಕಳು.

ಮರುದಿನ ಪರದೆ ನೋಡಿದೆವು. ಎಪ್ಪತ್ತೈದು.

"ಸರಿಯಾಗೇ ಐತೆ" ಅಂದರು ಬಸವೇಶ್, ದನಿ ತಗ್ಗಿಸಿ. ಅದು ಕೆಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೆನ್ಸರನ್ನು ಮತ್ತೆ ಅಲ್ಲೇ ಕಟ್ಟಿದರು. ಆ ಮಧ್ಯಾಹ್ನ ಅಂಕಿ ಏರತೊಡಗಿದ್ದೇ ತಡ, ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಹೊರಗಿನಿಂದ ಮನೆ ಸುತ್ತಿಕೊಂಡು ಹೋದೆ. ಕೋಣೆಯ ಕಿಟಕಿ ಇರುವುದು ಗೋಡೆಗೂ ಕಾಂಪೌಂಡಿಗೂ ನಡುವಿನ ಸಂದಿಯಲ್ಲಿ. ಅಲ್ಲಿ ಯಾರಿಗೂ ಕೆಲಸವಿಲ್ಲ.

ಅತ್ತೆ ನಿಂತಿದ್ದರು. ಕಾಲ ಬಳಿ ಬಕೆಟ್ಟು. ಶಿವುವಿನ ನೀಲಿ ಗೀರಿನ ಟವೆಲನ್ನು ಹಿಂಡಿ ಕಿಟಕಿಯ ಸರಳಿಗೆ, ಸೆನ್ಸರಿನ ಮಗ್ಗುಲಲ್ಲೇ ಹರವುತ್ತಿದ್ದರು. "ಸೆಕೆ ಅಲ್ವೇನಪ್ಪಾ ಇವತ್ತು? ತಗೋ. ತಣ್ಣಗೈತೆ."

"ಅತ್ತೆ..."

ಅವರು ಬೆಚ್ಚಲಿಲ್ಲ. "ನನ್ನಿಂದ ಮೀಟ್ರು ಕೆಟ್ಟೋಯ್ತೇನೇ, ತನುಜಾ?"

"ಕೆಟ್ಟಿಲ್ಲ ಅತ್ತೆ. ಅದು ಇದ್ದದ್ದನ್ನೇ ಹೇಳ್ತಿತ್ತು." ಹತ್ತಿರ ಹೋಗಿ ಅವರ ಒದ್ದೆ ಕೈ ಹಿಡಿದುಕೊಂಡೆ. "ಇಲ್ಲಿ ಬ್ಯಾಡ ಅತ್ತೆ. ಕೃತಿ ಮಲಗ್ಬೇಕು ಇಲ್ಲಿ. ಗಾಳಿ ಒಣಗಿರ್ಬೇಕು."

"ಮತ್ತೆ ಅವನ್ನ ಎಲ್ಲಿಗ್ ಕಳಿಸ್ಲೇ?"

"ಹಿತ್ತಲ ಸೀಬೆ ಮರದ ಹತ್ರ ತಂತಿ ಐತಲ್ಲ. ಅಲ್ಲಿ ನೆರಳೈತೆ" ಅಂದೆ.

ಅತ್ತೆ ಬಕೆಟ್ಟು ಎತ್ತಿಕೊಂಡು ಹೊರಟರು. ಟವೆಲನ್ನು ಹೆಗಲ ಮೇಲೆ ಹಾಕಿಕೊಂಡಿದ್ದರು, ಮಗುವನ್ನು ಹೊತ್ತ ಹಾಗೆ.

ಮಾರನೆಯ ಮಧ್ಯಾಹ್ನ ಕೋಣೆಯ ಅಂಕಿ ಇಪ್ಪತ್ತೇಳಕ್ಕೆ ಇಳಿಯಿತು. ಹಾಸಿಗೆ ಬಿಡಿಸಿ ಕೃತಿಯನ್ನು ಒದ್ದೆ ಅಂಗಿಯಲ್ಲಿ ಮಲಗಿಸಿ, ಕತ್ತಿನ ಮೇಲೆ ಕೈಯಿಟ್ಟು ಕೂತೆ. ಅಂಗಿ ಮೊದಲು ಅಂಚಿನಲ್ಲಿ ಆರಿತು, ಆಮೇಲೆ ಎದೆಯ ಮೇಲೆ. ಕತ್ತು ತಣ್ಣಗಾಯಿತು. ಅವಳು ಬಾಯಿ ತೆರೆದು ನಿದ್ದೆ ಹೋದಳು. ಇದೇ ಗಾಳಿಯಲ್ಲಿ ಶಿವುವಿನ ಮೈಕಾವು ಯಾಕೆ ಇಳಿಯಲಿಲ್ಲ ಎಂಬುದನ್ನು ಯಾವ ಪರದೆಯೂ ನನಗೆ ತೋರಿಸಲಿಲ್ಲ.

ವಾರ ಕಳೆದು ಅತ್ತೆ ಅಜ್ಜಂಪುರದ ಮಗಳ ಮನೆಗೆ ಹೋದರು. ಟವೆಲಿಗೆ ನೀರು ಹಾಕು ಅಂತ ಹೇಳಿ ಹೋಗಲಿಲ್ಲ. ಆ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದವಳು ತಲೆಯೆತ್ತಿದೆ. ತಂತಿಯ ಮೇಲೆ ಟವೆಲ್ ಹಪ್ಪಳದಂತೆ ಸೆಟೆದು ನಿಂತಿತ್ತು. ಕಣ್ಣು ತಿರುಗಿಸಿ ಇನ್ನೆರಡು ತಟ್ಟೆ ತೊಳೆದೆ. ಆಗಲಿಲ್ಲ. ಎದ್ದು ಹೋಗಿ ಅದನ್ನು ಬಕೆಟ್ಟಿನಲ್ಲಿ ಅದ್ದಿದೆ. ಮೆತ್ತಗಾಗಿ, ಭಾರವಾಗಿ ಕೈಗೆ ಬಂತು. ಹಿಂಡಿ, ತಂತಿಗೆ ಬಿಸಿಲು ಬಂದಿದ್ದರಿಂದ ಸೀಬೆ ಮರದ ಕೆಳಗಿನ ಮೋಟು ಕೊಂಬೆಗೆ ಹರವಿದೆ.

"ಅಮ್ಮಾ."

ಹಿತ್ತಲ ಬಾಗಿಲಲ್ಲಿ ಕೃತಿ ನಿಂತಿದ್ದಳು, ಅಂಗಿ ಇನ್ನೂ ಅರೆ ಒದ್ದೆ.

"ಅಷ್ಟು ಕೆಳಗೆ ಹಾಕ್ಬೇಡ. ಅಣ್ಣ ಬಗ್ಬೇಕಾಗುತ್ತೆ."

"ಏನಂದೆ ಪುಟ್ಟಿ?"

"ಎರಡು ವರ್ಷ ಆಯ್ತಲ್ಲ. ಅವ್ನು ಉದ್ದ ಆಗಿರ್ತಾನೆ."

ಅವಳನ್ನು ಒಳಗೆ ಹೋಗಿ ಮಲಗಲು ಹೇಳಿದೆ. ಅಡುಗೆಮನೆಯ ಮಣೆ ತಂದು, ಅದರ ಮೇಲೆ ನಿಂತು, ಟವೆಲನ್ನು ಒಂದು ಗೇಣು ಮೇಲಿನ ಕೊಂಬೆಗೆ ಹಾಕಿದೆ.